ಅರ್ಧ ದನಿ

ಮಂಡಿಯೂರಿ ಕೂತು ಅವಳ ಎಡ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನೆಲಕ್ಕಂಟಿಸಿದ ಹಳದಿ ಪಟ್ಟಿಯಿಂದ ಆಚೆಗೆ ಸರಿಸುತ್ತ ಅವನು, "ಮೊದಲು ಕಾಲು ತಿರುಗಬೇಕು. ಆಮೇಲೆ ಸೊಂಟ. ತಲೆ ಕಟ್ಟಕಡೆಗೆ. ಹೊಳೆ ಆ ಕಡೆ ಇದೆ ಅಂತ ಕಣ್ಣಿಗಿಂತ ಮುಂಚೆ ನಿನ್ನ ಕಾಲಿಗೆ ಗೊತ್ತಾಗ್ಬೇಕು," ಅಂದ.

"ಕಚಗುಳಿ ಆಗತ್ತೆ ಸರ್," ಅಂದಳು ಗಾಯಕಿ, ನಗು ತಡೆದುಕೊಂಡು.

"ದೋಣಿಗಾರನ ಹೆಂಡತಿಗೆ ಕಚಗುಳಿ ಆಗಲ್ಲ. ಗಂಡ ಹೋಗಿ ಎರಡು ಅಂಕ ಆಯ್ತು."

ಪಿಯಾನೋದವನು ಗಹಗಹಿಸಿ ನಕ್ಕ. ಅವನೂ ನಕ್ಕು ಏಳಲು ಹೋದರೆ ಬಲಮಂಡಿ ಏಳಲಿಲ್ಲ. ಯಾರಿಗೂ ತಿಳಿಯದ ಹಾಗೆ ಅಲ್ಲೇ ಕೂತು ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡುವವನಂತೆ ನಟಿಸಿದ. ಈಗ ನಿರ್ದೇಶಕನಾದರೂ ಒಂದು ಕಾಲಕ್ಕೆ ನಟನಾಗಿದ್ದವನಿಗೆ ಇಷ್ಟೂ ಬಾರದಿದ್ದರೆ ಹೇಗೆ? ಆದರೆ ಪಿಯಾನೋದವನು ತಟ್ಟನೆ ನಗು ನಿಲ್ಲಿಸಿ, ತಿರುಗಿಸಬೇಕಿಲ್ಲದ ಹಾಳೆಯೊಂದನ್ನು ತಿರುಗಿಸತೊಡಗಿದ್ದು ಕಂಡು, ಗೊತ್ತಾಗಿಹೋಯಿತು ಅನ್ನಿಸಿತು. ಗಾಯಕಿ ಕೈ ಚಾಚಿದಳು. ಅವನು ಅದನ್ನು ಕಾಣದವನಂತೆ, ಮುಂದೆ ದೋಣಿಯಾಗಲಿದ್ದ ಹಲಗೆಯ ಚೌಕಟ್ಟನ್ನು ಹಿಡಿದು ಎದ್ದ. ತಾಲೀಮಿನ ಕೋಣೆಯಲ್ಲಿ ಯಾವುದೂ ಇನ್ನೂ ಏನೂ ಆಗಿರಲಿಲ್ಲ. ಹಳದಿ ಪಟ್ಟಿ ಹೊಳೆಯ ದಡ, ಕೆಂಪು ಪಟ್ಟಿ ಮನೆಯ ಗೋಡೆ, ಪಟ್ಟಿ ಹರಿದ ಕಡೆ ಬಾಗಿಲು. ಬಾಗಿಲ ಪಕ್ಕದ ಬೆಂಚೊಂದೇ ನಿಜವಾದ್ದು. ಈ ಒಪೆರಾದ ಮೊದಲ ಪ್ರಯೋಗದ ಕಾಲದ್ದೇ ಗೋದಾಮಿನಲ್ಲಿ ಸಿಕ್ಕಿತೆಂದು ತಂದಿಟ್ಟಿದ್ದರು. ಮೂರನೆಯ ಅಂಕದುದ್ದಕ್ಕೂ ಅದರ ಮೇಲೆ ಒಬ್ಬ ಮುದುಕಿ ಸುಮ್ಮನೆ ಕೂತಿರಬೇಕು. ಹಾಡಿಲ್ಲ, ಮಾತಿಲ್ಲ. ಆ ಮುದುಕಿ ಇನ್ನೂ ನಿಗದಿಯಾಗಿರಲಿಲ್ಲ. ನಮ್ಮಕ್ಕನನ್ನು ಕೇಳುತ್ತೇನೆ ಎಂದು ರಂಗಮಂದಿರದವರಿಗೆ ಹೇಳಿ ವಾರಗಳಾಗಿದ್ದವು. ಅವರು ಹಿಗ್ಗಿಹೋಗಿದ್ದರು. ಮೂವತ್ತು ವರ್ಷದ ಹಿಂದೆ ದೋಣಿಗಾರನ ಹೆಂಡತಿಯಾಗಿ ಹಾಡಿದವರೇ ಬಂದು ಕೂರುತ್ತಾರೆಂದರೆ! ಇವತ್ತು ಕೇಳಿಯೇಬಿಡುತ್ತೇನೆ ಎಂದು ಬೆಳಿಗ್ಗೆ ಅಂದುಕೊಳ್ಳುವುದು, ಸಂಜೆ ಅಕ್ಕನ ಮನೆಯ ಬೀದಿ ತಪ್ಪಿಸಿ ಸುತ್ತು ಹಾಕಿಕೊಂಡು ಮನೆ ಸೇರುವುದು, ದಿನಾ ಇದೇ ಆಗಿತ್ತು.

"ಸರಿ, ಕೂಗಿಂದ ಶುರು ಮಾಡೋಣ," ಅಂದ.

ಗಾಯಕಿ ಹೊಳೆಯ ಕಡೆ ತಿರುಗಿದಳು. ಕಾಲು, ಸೊಂಟ, ತಲೆ. ಸರಿಯಾಗಿತ್ತು. ಆಮೇಲೆ ಅರ್ಧ ದನಿಯಲ್ಲಿ ಹಾಡತೊಡಗಿದಳು. ತಾಲೀಮಿನಲ್ಲಿ ಯಾರೂ ಪೂರ್ತಿ ದನಿ ತೆಗೆಯುವುದಿಲ್ಲ; ಅದು ಒಪೆರಾದವರ ರೂಢಿ. ಗಂಟಲೇನು ಕಬ್ಬಿಣದ್ದೇ, ಪ್ರದರ್ಶನಕ್ಕೆ ಉಳಿಯಬೇಕಲ್ಲ. ಹಾಗಾಗಿ ತುಟಿಯಲ್ಲೇ ಗುನುಗುತ್ತಾರೆ. ಮೇಲಿನ ಸ್ವರ ಬಂದಾಗ ಅದನ್ನು ಕೆಳಗೇ ಹಾಡಿ, ನಿಜವಾದ ಸ್ವರ ಅಲ್ಲಿದೆ ಎಂದು, ಪಕ್ಕದವರ ಮನೆ ತೋರಿಸುವ ಹಾಗೆ, ಬೆರಳೆತ್ತಿ ತೋರಿಸುತ್ತಾರೆ. ಅಲ್ಲಿ ಅದು ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ, ಊಟಕ್ಕೆ ಕರೆದವರ ಅಡುಗೆಮನೆಗೆ ನುಗ್ಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿದ ಹಾಗೆ. ಗಾಯಕಿಯ ಬೆರಳು ಮೇಲೆದ್ದಿತು. ಅವನು ಕೈಯೆತ್ತಿ ತಡೆದ.

"ಒಂದ್ಸಲ ಪೂರ್ತಿ ದನೀಲಿ ಹಾಡು," ಅಂದ.

ಪಿಯಾನೋದವನು ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಈಗಲಾ ಸರ್?"

"ಈಗಲೇ. ಒಂದೇ ಸಾಲು. ಇದೆಯೋ ಇಲ್ವೋ ನೋಡ್ಬೇಕು."

ಅಂದವನೇ ನಾಲಿಗೆ ಕಚ್ಚಿಕೊಂಡ. ಹುಡುಗಿಯ ಮುಖ ಕಿವಿಯ ತನಕ ಕೆಂಪಾಯಿತು. ಅವಳು ಸಿಟ್ಟಾಗಿದ್ದರೆ ವಾಸಿಯಿತ್ತು. ತಿಳಿಯದ ಮುದುಕನಿಗೆ ತಿಳಿಸಿ ಹೇಳುವ ಹಾಗೆ ಮೆಲ್ಲಗೆ ಹೇಳಿದಳು: "ಸರ್, ಈ ಸಾಲಿಗೆ ಪೂರ್ತಿ ದನಿ ಎಲ್ಲಿದೆ? ಪ್ರದರ್ಶನದಲ್ಲೂ ಇದು ಪಿಸುದನೀಲೇ, ಬೆರಳೆತ್ತೋದೂ ಹೀಗೇ ಅಲ್ವಾ? ನಿಮ್ಮದೇ ಅಲ್ವಾ ಅದು? ಕಾಲೇಜಲ್ಲಿ ನಮಗೆ ಪಾಠ ಇತ್ತು. ಇಡೀ ಹೊಳೆ ದಾಟೋ ಹಾಗೆ ಕೂಗ್ಬೇಕಾದ ಕಡೆ ನಿರ್ದೇಶಕರು ಕೂಗನ್ನೇ ತೆಗೆದುಹಾಕಿದ್ರು ಅಂತ. ಪರೀಕ್ಷೇಲಿ ನಾನು ಅದರ ಮೇಲೇ ಬರೆದಿದ್ದೆ."

"ಪಾಸಾದ್ಯಾ?" ಅಂದ ಪಿಯಾನೋದವನು.

"ಫೇಲಾಗಿದ್ರೆ ಇಲ್ಲಿ ನಿಮ್ಮ ಪಕ್ಕ ನಿಂತಿರ್ತಿದ್ನಾ?"

ಇಬ್ಬರೂ ನಕ್ಕರು. ಅವನೂ ನಗಬೇಕಾಯಿತು. ಹೌದಲ್ಲ, ಮರೆತೇಬಿಟ್ಟಿದ್ದೆ, ವಯಸ್ಸಾಯ್ತು ನೋಡು, ಇವತ್ತಿಗೆ ಸಾಕು ಎಂದು ಕೋಟು ತಗುಲಿಸಿಕೊಂಡು ಹೊರಬಿದ್ದ. ಹಿಂದಿನಿಂದ ಹುಡುಗಿ ಪಿಯಾನೋದವನಿಗೆ ಏನೋ ಹೇಳಿದ್ದು ಕೇಳಿಸಿತು. ಏನೆಂದು ಕೇಳಿಸಲಿಲ್ಲ.

ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು ಅಂಗಡಿಗಳ ಗಾಜಿಗೆ ಬಡಿದು ಕಣ್ಣಿಗೆ ಚುಚ್ಚುತ್ತಿತ್ತು. ಒಳಗಿನ ಕತ್ತಲೆಯಿಂದ ಬಂದವನಿಗೆ ಹಗಲು ಯಾವತ್ತೂ ಯಾರೋ ಮರೆತು ಆರಿಸದೆ ಬಿಟ್ಟ ದೀಪದ ಹಾಗೆ ಕಾಣುತ್ತಿತ್ತು. ಚಿಕ್ಕವನಿದ್ದಾಗಿನಿಂದಲೂ ಹಾಗೆಯೇ. ಅಕ್ಕ ಎರಡು ಜಡೆ ಹಾಕುತ್ತಿದ್ದ ಕಾಲ, ಅವನು ಅವಳ ಜಡೆಯ ತುದಿ ಹಿಡಿದುಕೊಂಡೇ ರಂಗಮಂದಿರದ ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದದ್ದು. ಯುದ್ಧದಲ್ಲಿ ಊರು ಬಿಟ್ಟ ಜನ, ರಾಜನ ಮದುವೆಗೆ ಬಂದ ಜನ, ಬೆಂಕಿ ಬಿದ್ದಾಗ ಓಡುವ ಜನ, ರಂಗದ ಮೇಲೆ ಎಲ್ಲದಕ್ಕೂ ಅವರೇ ಜನ. ಜನದಲ್ಲಿ ನಿಂತ ಮಕ್ಕಳು ಗುಂಪಿನ ಗದ್ದಲಕ್ಕಾಗಿ ಏನಾದರೂ ಗೊಣಗುತ್ತಿರಬೇಕು, ಏನೆಂದು ಕೇಳಿಸಬಾರದು. ಅವನು "ಬದನೆಕಾಯಿ, ಬದನೆಕಾಯಿ" ಎಂದು ಗೊಣಗುತ್ತಿದ್ದ. ಅಕ್ಕ ಮಾತ್ರ ಮುಂದೆ ನಿಂತ ದೊಡ್ಡ ಗಾಯಕಿಯ ಹಾಡನ್ನೇ ಅವಳ ಜೊತೆಜೊತೆಗೆ ಹಾಡುತ್ತಿದ್ದಳು, ಮೈಯೆಲ್ಲ ಕಿವಿಯಾಗಿ. ಪರದೆಯ ಹಿಂದೆ ಬಿಸಿ ಗೋಂದಿನ, ಬಣ್ಣದ, ಇಸ್ತ್ರಿ ಹಾಕಿದ ಒದ್ದೆ ಬಟ್ಟೆಯ ವಾಸನೆ. ದೀಪದ ಮೇಲೆ ಕೂತ ಧೂಳು ಕಾದು ಸುಡುವ ವಾಸನೆ. ಈಗಿನ ದೀಪಗಳು ಕಾಯುವುದೇ ಇಲ್ಲ. ಒಂದು ದಿನ ದೊಡ್ಡ ಗಾಯಕಿ ತಿರುಗಿ, "ಯಾವ ಪಿಳ್ಳೆ ಅದು ನನ್ನ ಹಿಂದೆ ಕೀಚುತ್ತಿರೋದು?" ಅಂದಾಗ ಅಕ್ಕ ತಮ್ಮನ ಕಡೆ ಕೈ ತೋರಿಸಿದ್ದಳು. ಅವನು ಬೈಸಿಕೊಂಡ. ಮನೆಗೆ ಬರುವಾಗ ಅಕ್ಕ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ದಾರಿಯುದ್ದಕ್ಕೂ "ಬದನೆಕಾಯಿ" ಎಂಬ ಒಂದೇ ಪದವನ್ನು ಆ ಗಾಯಕಿಯ ರಾಗದಲ್ಲಿ ಹಾಡಿ ನಗಿಸಿದ್ದಳು. ಬೆನ್ನಿಗೆ ಕಿವಿಯಿಟ್ಟರೆ ದನಿ ಅವಳ ಬಾಯಿಂದ ಬರುತ್ತಿಲ್ಲ, ಒಳಗೆಲ್ಲೋ ದೊಡ್ಡ ಕೋಣೆಯಿದ್ದು ಅಲ್ಲಿಂದ ಬರುತ್ತಿದೆ ಅನ್ನಿಸಿತ್ತು.

ಅವನಿಗೆ ಹಾಡು ಬರಲಿಲ್ಲ. ಆದ್ದರಿಂದ ನಾಟಕದ ಕಡೆ ಹೋದ. ಎರಡನೇ ಸೈನಿಕ, ಸುದ್ದಿ ತರುವವ, ಮೊದಲ ಅಂಕದಲ್ಲೇ ಸಾಯುವ ಅಣ್ಣ. ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಬರುತ್ತಿದ್ದ, ಹೋಗುತ್ತಿದ್ದ, ಜನ ಕೆಮ್ಮುತ್ತಿದ್ದರು. ಹಿರಿಯ ನಟನೊಬ್ಬ ಒಮ್ಮೆ ಬಣ್ಣ ಒರೆಸಿಕೊಳ್ಳುತ್ತ, "ನೋಡಪ್ಪ, ನೀನು ನಟಿಸೋವಾಗ ನಿನ್ನ ಮುಖದಲ್ಲಿ ಏನೂ ಇರಲ್ಲ. ಬೇರೆಯವರು ನಟಿಸೋದನ್ನ ನೋಡುವಾಗ ನಿನ್ನ ಮುಖ ನೋಡ್ಬೇಕು, ಅದ್ಭುತ. ಜನರನ್ನ ನಿನ್ನ ಕಡೆ ತಿರುಗಿಸಿ ಕೂರಿಸ್ಬೇಕು ಅಷ್ಟೆ," ಅಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ವರ್ಷವೇ ಅವನು ನಿರ್ದೇಶನಕ್ಕೆ ತಿರುಗಿದ್ದು. ಅಕ್ಕ ಅಷ್ಟು ಹೊತ್ತಿಗಾಗಲೇ ಪೋಸ್ಟರಿನ ಮೇಲಿದ್ದಳು. ತಮ್ಮನಿಗೂ ಒಂದು ಒಪೆರಾ ಕೊಡಿ, ಇಲ್ಲದಿದ್ದರೆ ನಾನು ಹಾಡುವುದಿಲ್ಲ ಎಂದು ಅವಳೇ ಹಟ ಹಿಡಿದಿದ್ದಳೆಂದು ಆಮೇಲೆ ಯಾರೋ ಹೇಳಿದರು. ಅವನು ಅದನ್ನು ಅವಳ ಹತ್ತಿರ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹಾಗೆ ಬಂದದ್ದು ದೋಣಿಗಾರನ ಹೆಂಡತಿಯ ಕಥೆ. ತಾಲೀಮಿನಲ್ಲಿ ಅಕ್ಕ ಅರ್ಧ ದನಿಯಲ್ಲಿ ಹಾಡಿದಳು. ಮೊದಲ ವಾರ, ಎರಡನೇ ವಾರ, ಮೂರನೇ ವಾರ. ವಾದ್ಯವೃಂದ ಜೊತೆಗೂಡಿದ ಮೇಲೂ ಬೆರಳೆತ್ತಿಯೇ ತೋರಿಸಿದಳು. ಉಳಿದವರು ಆಗಾಗ ಆಸೆ ತಡೆಯದೆ ಒಂದೆರಡು ಸಾಲು ಪೂರ್ತಿ ದನಿಯಲ್ಲಿ ಬಿಟ್ಟುಬಿಡುತ್ತಿದ್ದರು. ಅಕ್ಕ ಒಂದೇ ಒಂದು ಸಾಲು ಬಿಡಲಿಲ್ಲ. ಅವನಿಗೆ ಎಷ್ಟು ಹೆಮ್ಮೆಯೆಂದರೆ ಎಲ್ಲರನ್ನೂ ನಿಲ್ಲಿಸಿ, "ನಮ್ಮಕ್ಕನ್ನ ನೋಡಿ ಕಲೀರಿ. ಹೇಗೆ ಉಳಿಸ್ತಿದಾಳೆ ನೋಡಿ. ನೀವೆಲ್ಲ ಇಲ್ಲೇ ಖಾಲಿ ಮಾಡ್ಕೊಂಡು ಅವತ್ತು ಕಪ್ಪೆ ಹಾಗೆ ವಟಗುಟ್ತೀರಿ," ಅಂದ. ಅಕ್ಕ ಬೆಂಚಿನ ಮೇಲೆ ಕೂತು ಸೆರಗಿನ ದಾರ ಕೀಳುತ್ತಿದ್ದಳು. ಒಂದು ದಿನ ರಂಗಮಂದಿರದ ಹಿಂದಿನ ಮೆಟ್ಟಿಲ ಮೇಲೆ ಅವನ ತೋಳು ಹಿಡಿದು ನಿಲ್ಲಿಸಿದಳು. ಬಾಯಿ ತೆರೆದಳು. ಅವನು ಅವಳ ಬಾಯಿಗೆ ಕೈ ಅಡ್ಡ ಹಿಡಿದು, "ಮಾತಾಡ್ಬೇಡ. ಮಾತೂ ಖರ್ಚೇ. ಇನ್ನು ನಾಲ್ಕು ದಿನ ಉಳಿಸ್ಕೋ," ಎಂದು ತನ್ನ ಕೊರಳಿನ ಮಫ್ಲರ್ ತೆಗೆದು ಅವಳಿಗೆ ಸುತ್ತಿದ. ಎಷ್ಟೋ ವರ್ಷ ಅವನು ಆ ಮೆಟ್ಟಿಲನ್ನು ಪ್ರೀತಿಯಿಂದ ನೆನೆಸಿಕೊಂಡಿದ್ದ. ಮೇಲಿನ ಕಿಟಕಿಯಿಂದ ಬಿದ್ದ ಬೆಳಕು, ಅಕ್ಕನ ಕೆನ್ನೆಗೆ ತಾಗಿದ ಉಣ್ಣೆ, ಅವಳು ತಲೆ ಆಡಿಸಿದ್ದು. ಅವಳು ಏನು ಹೇಳಲು ಬಂದಿದ್ದಳು ಎಂಬುದು ಹೊಳೆದಿದ್ದು ತೀರ ತಡವಾಗಿ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ. ಅವತ್ತು ಬಾಯಿ ತುಂಬ ನೊರೆಯಿಟ್ಟುಕೊಂಡು ಎಷ್ಟೋ ಹೊತ್ತು ಕನ್ನಡಿಯ ಮುಂದೆಯೇ ನಿಂತಿದ್ದ.

ಮೊದಲ ಪ್ರದರ್ಶನದಲ್ಲಿ ಅವನು ರಂಗದ ಪಕ್ಕದ ವಿಂಗಿನ ಮರೆಯಲ್ಲಿದ್ದ. ಮೊದಲೆರಡು ಅಂಕ ಹೇಗೋ ಸಾಗಿದವು. ಅವಳ ಹಾಡೆಲ್ಲ ಅಲ್ಲಿ ತಗ್ಗಿನದೇ, ಬೇರೆಯವರ ಜೊತೆ ಕೂಡಿಯೇ. ಮೂರನೆಯದರಲ್ಲಿ ಅವಳು ಹೊಳೆಯ ಕಡೆ ತಿರುಗಿ ಬಾಯಿ ತೆರೆದಾಗ ಬಂದದ್ದು ಅರ್ಧ ದನಿ. ತಾಲೀಮಿನಲ್ಲಿ ಇದ್ದದ್ದೇ. ಇನ್ನೂ ಯಾಕೆ ಉಳಿಸುತ್ತಿದ್ದಾಳೆ ಎಂದು ಅವನಿಗೆ ರೇಗಿತು. ಈಗ ತೆಗೆಯುತ್ತಾಳೆ, ಮುಂದಿನ ಸಾಲಿಗೆ ತೆಗೆಯುತ್ತಾಳೆ ಎಂದು ಕಾದ. ಅವಳ ಬಲಗೈ ಅಭ್ಯಾಸಬಲದಿಂದ ಮೇಲೆದ್ದಿತು, ಬೆರಳು ತಾನು ಮುಟ್ಟಲಾರದ ಸ್ವರವನ್ನು ತೋರಿಸಿತು. ಆಗಲೂ ಅವನು ಕಾಯುತ್ತಿದ್ದ. ಆ ಸಾಲಿನ ಕೆಳಗೆ ವಾದ್ಯವೃಂದದ ಒಂದೇ ಹಾರ್ನ್, ಆ ಹಿತ್ತಾಳೆಯ ಕೊಂಬು, ಉದ್ದಕ್ಕೂ ಊದುತ್ತಿರಬೇಕಿತ್ತು. ಅದು ನಿಂತುಹೋಯಿತು. ಇಡೀ ರಂಗಮಂದಿರದಲ್ಲಿ ಯಾರೂ ಕೆಮ್ಮಲಿಲ್ಲ. ಪರದೆ ಬಿದ್ದ ಮೇಲೂ ಜನ ಚಪ್ಪಾಳೆ ತಟ್ಟಲು ಮರೆತಂತಿದ್ದರು, ಆಮೇಲೆ ಚಾವಣಿ ಹಾರಿಹೋಗುವ ಹಾಗೆ ತಟ್ಟಿದರು. ಮಾರನೆಯ ದಿನ ಹಿಂಬಾಗಿಲ ಕಾವಲಿನವನ ಗೂಡಿನಲ್ಲಿ ಫೋನು ಅವನಿಗಾಗಿ ಬಡಿದುಕೊಳ್ಳುತ್ತಿತ್ತು. ಪತ್ರಿಕೆಯವನು ಉಸಿರು ಕಟ್ಟಿ ಕೇಳಿದ: ಕೂಗನ್ನು ಪಿಸುಮಾತಾಗಿಸಿದ್ದು ನಿಮ್ಮ ಯೋಚನೆಯೇ? ಅವನು "ಹೌದು" ಅಂದ. ಎರಡಕ್ಷರ. ಅದರ ಮೇಲೆ ಒಂದು ಜೀವಮಾನ ನಡೆಯಿತು: ದೊಡ್ಡ ಊರುಗಳು, ದೊಡ್ಡ ಪರದೆಗಳು, ಶಾಲು ಸನ್ಮಾನಗಳು, ಕಾಲೇಜಿನ ಪಾಠ. ಅಕ್ಕನಿಗೆ ಗಂಟಲು ಕೆಟ್ಟಿದೆಯೆಂದು ಬೇರೆ ಗಾಯಕಿ ಬಂದಳು. ಅವಳಿಗೆ ಪಿಸುಗುಟ್ಟುವುದನ್ನು ಅವನೇ ಕೂತು ಕಲಿಸಿದ. ಗಂಟಲೊಳಗಿನ ನರ ಸತ್ತಿದೆ, ಇನ್ನು ಹಾಡುವ ಹಾಗಿಲ್ಲ ಎಂದು ವೈದ್ಯರು ಹೇಳಿದ್ದನ್ನು ಅಕ್ಕ ಪತ್ರಿಕೆ ಮಡಿಸಿಡುತ್ತ ತಿಳಿಸಿದ್ದಳು. ಪತ್ರಿಕೆಯಲ್ಲಿ ಅವನ ಫೋಟೋ ಇತ್ತು. "ಚೆನ್ನಾಗಿ ಬಂದಿದೀಯ," ಅಂದಿದ್ದಳು, ಫೋಟೋಗೆ.

ಬೀದಿ ತಪ್ಪಿಸಬೇಕಾದ ತಿರುವು ಬಂದಿತು. ಅವನು ತಪ್ಪಿಸಲಿಲ್ಲ.

ಹೊಲಿಗೆ ಅಂಗಡಿಯ ಮೇಲಿನ ಮನೆ. ಬಾಗಿಲು ತೆರೆದದ್ದು ಭಾವ. ಅವತ್ತು ಹಾರ್ನ್ ಊದುವುದನ್ನು ನಿಲ್ಲಿಸಿದವನು ಅವನೇ. ವಾದ್ಯವೃಂದದ ಕಂಡಕ್ಟರು ಬಾಯಿಗೆ ಬಂದ ಹಾಗೆ ಬೈದರು. ಮೂರು ತಿಂಗಳಿಗೆ ಅವನು ಅಕ್ಕನನ್ನು ಮದುವೆಯಾದ. ಈಗ ಕಿವಿ ಮಂದ. ತನಗೆ ಕೇಳದ್ದು ಯಾರಿಗೂ ಕೇಳುವುದಿಲ್ಲವೆಂದು ಎಲ್ಲವನ್ನೂ ಕೂಗಿ ಹೇಳುತ್ತಾನೆ.

"ಓಹೋ, ದೊರೆಗಳು! ದಾರಿ ತಪ್ಪಿ ಬಂದ್ರಾ? ಒಳಗೆ ಬಾ. ನಿಮ್ಮಕ್ಕ ಯೌವನ ಹಚ್ಕೊಂಡು ಕೂತಿದಾಳೆ. ಮುಟ್ಟಬೇಡ, ಕೈ ಕಪ್ಪಾಗತ್ತೆ."

ಬಚ್ಚಲ ಬಾಗಿಲ ಹತ್ತಿರ ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಹೆಗಲ ಮೇಲೆ ಹರಕು ಟವೆಲು, ತಲೆಗೆ ಮೆತ್ತಿದ ಕಪ್ಪು ಬಣ್ಣ, ಅದರ ಮೇಲೆ ತರಕಾರಿ ತಂದ ಪ್ಲಾಸ್ಟಿಕ್ ಚೀಲ. ಕೈಯಲ್ಲಿ ಸಣ್ಣ ಕನ್ನಡಿ.

"ಯಾರು ಸತ್ರು?" ಅಂದಳು. ಒಣಗಿದ ಎಲೆಯನ್ನು ಮುದುರಿದ ಹಾಗಿರುವ ಆ ದನಿಗೆ ಅವನಿಗೆ ಅಭ್ಯಾಸವಾಗಿಹೋಗಿತ್ತು. ಇವತ್ತು ಮಾತ್ರ ಮೊದಲ ಸಲ ಕೇಳಿದ ಹಾಗಾಯಿತು.

"ಯಾರೂ ಇಲ್ಲ."

"ಮತ್ತೆ ಹಗಲು ಹೊತ್ತು ಬಂದಿದೀಯ? ತಾಲೀಮಿಲ್ವಾ?"

"ಬೇಗ ಬಿಟ್ಟೆ."

"ಹುಡುಗಿ ಹೇಗಿದಾಳೆ?"

"ಚೆನ್ನಾಗಿ ಪಿಸುಗುಡ್ತಾಳೆ."

ಅಕ್ಕ ನಕ್ಕಳು. ಒಂದು ಹನಿ ಕಪ್ಪು ಹಣೆಗಿಳಿಯಿತು, ಟವೆಲಿನ ತುದಿಯಿಂದ ಒತ್ತಿಕೊಂಡಳು. ಅವನು ನೆಲದ ಮೇಲೆ ಕೂರಲು ಹೋಗಿ, ಮಂಡಿಯ ನೆನಪಾಗಿ, ಗೋಡೆಗೊರಗಿ ನಿಂತು ಬೆಂಚಿನ ವಿಷಯ ಹೇಳಿದ. ಮುದುಕಿ, ಮೂರನೆಯ ಅಂಕ, ರಂಗಮಂದಿರದವರ ಆಸೆ.

"ಕೂತ್ಕೊಂಡು ಏನು ಮಾಡ್ಬೇಕು?"

"ಏನೂ ಇಲ್ಲ. ಸುಮ್ನೆ ಕೂತಿರೋದು."

"ಸುಮ್ನೆ ಕೂರೋಕೆ ನಂಗೆ ಇಲ್ಲೇ ಜಾಗ ಇದೆ. ಬಣ್ಣ ಬೇರೆ ಹಚ್ಚಿದೆ."

"ಏನಂತೆ?" ಭಾವ ಒಳಗಿನಿಂದ ಬಂದು ಅಕ್ಕನ ತುಟಿ ನೋಡುತ್ತ ಕೂಗಿದ.

"ನನ್ನನ್ನ ಬೆಂಚಿನ ಮೇಲೆ ಕೂರಿಸ್ತಾನಂತೆ!"

"ನಂಗೂ ಒಂದು ಕುರ್ಚಿ ಹಾಕಿಸೋಕೆ ಹೇಳು. ಊದದೆ ಕೂರ್ತೀನಿ. ಅದ್ರಲ್ಲಿ ನನ್ನ ಮೀರಿಸೋರಿಲ್ಲ!"

ಅವರಿಬ್ಬರೂ ನಗುತ್ತಿರುವಾಗಲೇ, ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿ, ಅವನು ಉಳಿದದ್ದನ್ನೂ ಹೇಳಿಬಿಟ್ಟ. ಬೆಂಚು ಬರೀ ನೆಪ. "ಶುರುವಾಗೋ ಮುಂಚೆ ನಾನು ಪರದೆ ಮುಂದೆ ಬರ್ತೀನಿ, ಅಕ್ಕ. ಆ ಪಿಸುಮಾತು ನಂದಲ್ಲ ಅಂತ ಹೇಳ್ತೀನಿ. ಅವತ್ತು ನಮ್ಮಕ್ಕನ ದನಿ ಹೋಗಿತ್ತು, ನಾನು ಉಳಿಸ್ತಿದಾಳೆ ಅಂದ್ಕೊಂಡೆ, ಗೊತ್ತಾದ ಮೇಲೂ ಬಾಯಿ ಬಿಡ್ಲಿಲ್ಲ ಅಂತ. ಎಲ್ಲರ ಮುಂದೆ. ಆಮೇಲೆ ಪರದೆ ಏಳತ್ತೆ. ಬೆಳಕು ನಿನ್ನ ಮೇಲೆ ಬರತ್ತೆ. ನೀನು ಏಳೋದೂ ಬೇಡ, ಏನೂ ಬೇಡ."

ಇಷ್ಟು ವರ್ಷ ಮನಸ್ಸಿನಲ್ಲೇ ಉರು ಹೊಡೆದ ಮಾತು ಎಷ್ಟು ಸಲೀಸಾಗಿ ಬಂದಿತೆಂದರೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದ ಕೂಡ. ಅಕ್ಕ ಕನ್ನಡಿಯನ್ನು ಮಡಿಲಲ್ಲಿ ಬೋರಲಾಗಿಟ್ಟಳು.

"ಬೆಳಕು ಯಾವ ಕಡೆಯಿಂದ?" ಅಂದಳು.

"ಎಡಗಡೆ ಮೇಲಿಂದ. ನಿಧಾನಕ್ಕೆ."

"ಅದನ್ನೂ ಯೋಚಿಸಿಟ್ಟಿದೀಯ."

ಅವನು ಹೆಬ್ಬೆರಳಿನಿಂದ ಗೋಡೆಯ ಸುಣ್ಣ ಕೆರೆದ.

"ಜನ ಎಲ್ಲ ಅಳ್ತಾರೆ."

"ಅಳಬಹುದು."

"ನೀನೂ ಅಳ್ತೀಯ. ಎಲ್ಲಿ ನಿಂತ್ಕೊಂಡು ಅಳ್ತೀಯ, ಬೆಂಚಿನ ಈ ಕಡೆಯೋ ಆ ಕಡೆಯೋ?"

"ಅಕ್ಕ, ತಮಾಷೆ ಅಲ್ಲ."

"ನಾನೂ ತಮಾಷೆ ಮಾಡ್ತಿಲ್ಲ." ಅವಳು ತಲೆಯ ಚೀಲವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡಳು. "ಕೇಳು. ಅವತ್ತು ಬಾಯಿ ತೆಗೆದಾಗ ಅಷ್ಟೇ ಬಂತು. ಓಡಿಹೋಗ್ಬಹುದಿತ್ತು, ಬಿದ್ದ ಹಾಗೆ ಮಾಡ್ಬಹುದಿತ್ತು, ಪರದೆ ಎಳೀತಿದ್ರು. ಇಷ್ಟೇ ಇದೆ ಅಂದ್ಮೇಲೆ ಇಷ್ಟರಲ್ಲೇ ಹಾಡ್ತೀನಿ ಅಂತ ಹಾಡ್ದೆ. ಕೆಳಗೆ ಈ ಮಹಾಶಯ ಊದೋದು ನಿಲ್ಸಿದ್ರು. ಅಷ್ಟು ಜನ ಮಿಸುಕದೆ ಕೇಳಿದ್ರು ಕಣೋ. ನನ್ನ ಪೂರ್ತಿ ದನಿ ಇದ್ದಾಗ ಯಾರೂ ಹಾಗೆ ಕೇಳಿರ್ಲಿಲ್ಲ. ನನ್ನ ಜನ್ಮದಲ್ಲಿ ನಾನು ಅಷ್ಟು ಚೆನ್ನಾಗಿ ಹಾಡಿದ್ದು ಅವತ್ತೊಂದೇ ದಿನ. ಈಗ ನೀನು ಹೋಗಿ, ಅದು ಹಾಡಲ್ಲ, ಕಾಯಿಲೆ ಅಂತ ಹೇಳ್ತೀಯಾ?"

"ನಾನು ಹಾಗೆ ಹೇಳಲ್ಲ."

"ಈಗ ತಾನೇ ಹೇಳ್ದೆ. ನಾನು ಕೇಳಿಸ್ಕೊಂಡೆ."

ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಯಂತ್ರ ಓಡಿ ನಿಂತಿತು. ತಾನು ಹೇಳಿದ್ದನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡು ನೋಡಿದ. ಅವಳೆಂದದ್ದು ಸರಿಯಾಗಿತ್ತು. ಅದರಲ್ಲಿ ಅಕ್ಕ ಇದ್ದದ್ದು ಬೆಳಕು ಬೀಳುವ ಜಾಗವಾಗಿ ಮಾತ್ರ. ಉಳಿದ ವಾಕ್ಯವೆಲ್ಲ ನಾನು, ನಾನು. ಆದರೂ ಬಿಟ್ಟುಕೊಡಲು ಆಗಲಿಲ್ಲ. ಖಾಲಿ ಕೈಯಲ್ಲಿ ಈ ಮನೆಯ ಮೆಟ್ಟಿಲಿಳಿದು ಬೀದಿಗೆ ಬೀಳುವುದನ್ನು, ನಾಳೆ ಬೆಳಿಗ್ಗೆ ಮತ್ತೆ ಆ ಹುಡುಗಿಯ ಬೆರಳು ಮೇಲೇಳುವುದನ್ನು ನೆನೆಸಿಕೊಂಡು, ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

"ಹೇಳೋದನ್ನ ಬಿಡ್ತೀನಿ," ಅಂದ. "ಯಾರಿಗೂ ಏನೂ ಹೇಳಲ್ಲ. ಬೆಳಕೂ ಬೇಡ. ಬರೀ ಬಂದು ಕೂತ್ಕೋ. ಒಂದೇ ದಿನ."

"ಬರಲ್ಲ."

"ರಂಗದ ಮೇಲೆ ಬೇಡ. ವಿಂಗಲ್ಲಿ, ನನ್ನ ಪಕ್ಕ."

"ಬರಲ್ಲ ಅಂದ್ನಲ್ಲ."

"ನಂಗೋಸ್ಕರ, ಅಕ್ಕ."

ಅಕ್ಕ ಮಡಿಲಿನ ಕನ್ನಡಿ ಎತ್ತಿಕೊಂಡು, ಹಣೆಯಂಚಿಗೆ ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು.

"ನಿಂಗೋಸ್ಕರಾನೂ ಬರಲ್ಲ," ಅಂದಳು.